ಲಾಳಿಗೆ ಪಾಠ ಹೇಳಿದ ಸಾವಕ್ಕ

ಸಾವಕ್ಕ ಯಾರಿಗೂ ಬೆನ್ನು ತೋರಿಸಿದವಳಲ್ಲ. ಮದುವೆ ಮನೆಯ ಊಟದ ಸಾಲಿರಲಿ, ಜಮಖಂಡಿ ಬಸ್ಸಿನ ಕಡೆಯ ಸೀಟಿರಲಿ, ಗುಡಿಯ ಕಟ್ಟೆಯಿರಲಿ, ಹೋದಲ್ಲೆಲ್ಲ ಅವಳು ಮೊದಲು ಒಂದು ಗೋಡೆ ಹುಡುಕುವಳು. ಅದಕ್ಕೆ ಬೆನ್ನು ಹಚ್ಚಿ, ಬಾಗಿಲಿಗೆ ಮುಖ ಮಾಡಿ, ಬಂದವರನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂಡುವಳು. ಓಣಿಯ ಜನ ಅದನ್ನು ಅವಳ ಗತ್ತು ಎಂದರು. ನಾನು ಸೌಜನ್ಯ ಎಂದುಕೊಂಡೆ. ಎರಡೂ ತಪ್ಪು. ಎಂಥ ತಪ್ಪೆಂದು ತಿಳಿದ ದಿನ ಈಗಲೂ ನೆನಪಿದೆ.

ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ಕಡೆಯ ನಮ್ಮ ಊರು ಹೋದ ಮೇಲೆ ಅಲ್ಲಿ ಇಲ್ಲಿ ಅಲೆದು, ಕಡೆಗೆ ಬನಹಟ್ಟಿಯ ಕಾಲೇಜೊಂದರಲ್ಲಿ ಕನ್ನಡ ಹೇಳುವ ಕೆಲಸ ಸಿಕ್ಕಿ, ನಾನೂ ಹೆಂಡತಿ ಅನುರಾಧಾಳೂ ಎರಡು ಸಾವಿರದ ಆರನೆಯ ಇಸವಿಯಲ್ಲಿ ಸಾವಕ್ಕನ ಮನೆಯ ಮಹಡಿಗೆ ಬಾಡಿಗೆಗೆ ಬಂದೆವು. ಕೆಳಗೆ ಆರು ವಿದ್ಯುತ್ ಮಗ್ಗ. ಬೆಳಿಗ್ಗೆ ಆರಕ್ಕೆ ಹತ್ತಿದ ಸದ್ದು ರಾತ್ರಿ ಊಟದ ಹೊತ್ತಿಗೆ ಇಳಿಯುವುದು. ಅಲ್ಲಿಯವರೆಗೆ ಮಹಡಿಯ ಮೇಲೆ ತಾಟು ಲೋಟಗಳು ತಾವಾಗಿ ಜಾಗ ಬದಲಿಸುತ್ತಿದ್ದವು. ಮೊದಲ ತಿಂಗಳು ನಮಗೆ ನೆಟ್ಟಗೆ ಜಗಳವಾಡಲೂ ಆಗಲಿಲ್ಲ. ಬೈದದ್ದು ಮುಟ್ಟದಿದ್ದರೆ ಜಗಳದಲ್ಲೇನು ಸ್ವಾರಸ್ಯ? ಕೆಳಗಿನವರು ಮಾತ್ರ ಅದೇ ಗದ್ದಲದ ನಡುವೆ, ದನಿಯ ಗೊಡವೆಗೇ ಹೋಗದೆ, ತುಟಿ ಅಲುಗಿಸಿ ಬೆರಳು ಆಡಿಸಿ ಇಡೀ ಸಂಸಾರವನ್ನು ನಡೆಸುತ್ತಿದ್ದರು.

ಸಾವಕ್ಕನಿಗೆ ಆಗ ಐವತ್ತರ ಮೇಲೆ ಒಂದೆರಡು. ಗಿಡ್ಡ ದೇಹ, ಅಗಲ ಹಣೆ, ಹಿಮ್ಮಡಿ ಊರಿ ನಡೆಯುವ ಗಟ್ಟಿ ನಡಿಗೆ. ಇಳಕಲ್ ಸೀರೆಯ ಮೇಲೆ ಗಂಡ ಕಾಶಪ್ಪನ ಹಳೆಯ ತುಂಬುತೋಳಿನ ಅಂಗಿ. ಸೆರಗು ಮಗ್ಗಕ್ಕೆ ಸಿಕ್ಕಬಾರದೆಂದು ತೊಟ್ಟದ್ದು, ಕ್ರಮೇಣ ಅವಳ ಸಮವಸ್ತ್ರವೇ ಆಗಿತ್ತು. ಅದರ ಒಂದು ಜೇಬಿನಲ್ಲಿ ನೂಲು ಕತ್ತರಿಸುವ ಸಣ್ಣ ಕತ್ತರಿ, ಇನ್ನೊಂದರಲ್ಲಿ ಒಣಗಿದ ಕಟಕ ರೊಟ್ಟಿಯ ಚೂರು. ಯಾರನ್ನೂ ಅವಳು ಕೂಗಿ ಕರೆದವಳಲ್ಲ. ನೆಲಕ್ಕೊಮ್ಮೆ ಕಾಲು ಅಪ್ಪಳಿಸಿದರೆ ಮಗಳು ಉಜ್ವಲಾ ಎಲ್ಲಿದ್ದರೂ ಓಡಿ ಬರುವಳು. ಮಾತಾಡುವಾಗ ಅವಳ ದೃಷ್ಟಿ ನನ್ನ ಕಣ್ಣಿನ ಮೇಲೆ ಇರದೆ ಸ್ವಲ್ಪ ಕೆಳಗೆ, ಮೀಸೆಯ ಆಸುಪಾಸು ನೆಲೆಸುತ್ತಿತ್ತು. ಮೀಸೆಗೆ ಮಜ್ಜಿಗೆಯೋ ಚಟ್ನಿ ಹಿಂಡಿಯೋ ಅಂಟಿರಬೇಕೆಂದು ಮೂರು ತಿಂಗಳು ನಾನು ಅವಳೆದುರು ಬಂದಾಗಲೆಲ್ಲ ಕರವಸ್ತ್ರ ತೆಗೆದು ಒರೆಸಿಕೊಂಡೆ. ದಪ್ಪ ಮೀಸೆ ನನ್ನದು, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ವರ್ಷವೇ ಮುಧೋಳದ ಗೆಳೆಯನೊಬ್ಬ ಒಂದು ಹೆಣ್ಣು ನಾಯಿಮರಿ ಕೊಟ್ಟ. ಮೊಲ ಅಟ್ಟುವ ಆ ತೆಳು ನಡುವಿನ, ಉದ್ದ ಮೂತಿಯ ಜಾತಿ ನಮ್ಮ ಸೀಮೆಯ ಅಭಿಮಾನ. ಆದರೆ ಅಭಿಮಾನವನ್ನು ಬಾಡಿಗೆ ಮನೆಯಲ್ಲಿ ಸಾಕುವುದು ಕಷ್ಟ. ಅದು ಮೆಟ್ಟಿಲು ಇಳಿದು ಮಗ್ಗದ ಮನೆಗೆ ನುಗ್ಗುವುದು, ನೂಲಿನ ಕಂಡಿಕೆ ಕಚ್ಚಿಕೊಂಡು ಓಣಿಯ ತುದಿಯವರೆಗೆ ದಾರ ಹಾಸುವುದು. ನಾನು ಒಂದು ಪುಸ್ತಕ ತಂದು, ಮುಂಜಾನೆ ಅಂಗಳದಲ್ಲಿ ನಿಂತು, ಕನ್ನಡ ಮೇಷ್ಟ್ರೆಂಬ ನಾಚಿಕೆಯನ್ನೂ ಬಿಟ್ಟು 'ಸಿಟ್', 'ಸ್ಟೇ', 'ಕಮ್' ಎಂದು ಗಂಟಲು ಹರಿದುಕೊಂಡೆ. ಎದುರು ಮನೆಯ ಮಕ್ಕಳು ಕೂತವು, ನಿಂತವು, ಓಡಿಯೂ ಬಂದವು. ನಾಯಿ ಮಾತ್ರ ಆಕಳಿಸಿತು. "ಪಾಠ ಛಲೋ ನಡದೈತಿ, ಹಾಜರಿನೂ ತಗೋರಿ" ಎಂದು ಅನುರಾಧಾ ಮಹಡಿಯಿಂದ ನಕ್ಕಳು. ಕಾಶಪ್ಪ ನಗಲಿಲ್ಲ. ನಾಯಿ ಇರಬೇಕು ಇಲ್ಲ ನೀವಿರಬೇಕು ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಹೋದ.

ಆಗ ಸಾವಕ್ಕ ಬಂದು ಹಗ್ಗಕ್ಕೆ ಕೈಹಾಕಿದಳು. "ಒಂದು ತಿಂಗಳ ನನ್ನ ಕೈಯಾಗ ಕೊಡ್ರಿ ಮಾಸ್ತರ. ನೀವು ಅದರ ಜೋಡಿ ಭಾಳ ಮಾತಾಡ್ತೀರಿ."

ಹಾಸಿನ ಎಳೆಗಳ ನಡುವೆ ಅತ್ತಿಂದಿತ್ತ ಓಡುವ ಲಾಳಿಯಂತೆ ಓಡುತ್ತದೆಂದು ಅದಕ್ಕೆ ಲಾಳಿ ಎಂದೇ ಹೆಸರಿಟ್ಟು, ಹೆಸರನ್ನೂ ಕೂಗದೆ ಪಾಠ ಶುರು ಮಾಡಿದಳು. ಅಂಗೈ ಕೆಳಗೆ ಮಾಡಿದರೆ ಕೂಡಬೇಕು. ಅಂಗೈ ಎದುರಿಗೆ ಚಾಚಿದರೆ ಇದ್ದಲ್ಲೇ ಇರಬೇಕು. ಎರಡು ಬೆರಳಿನಿಂದ ತೊಡೆ ತಟ್ಟಿದರೆ ಬರಬೇಕು. ಒಮ್ಮೆ ತೋರಿಸಿದ ಸನ್ನೆಯನ್ನು ಎರಡನೆಯ ಸಲ ತೋರಿಸುತ್ತಿರಲಿಲ್ಲ. ನಾಯಿ ತಪ್ಪಿದರೆ ಸಿಟ್ಟಾಗದೆ ಮುಖ ತಿರುಗಿಸಿ ಮಗ್ಗದ ಕೆಲಸಕ್ಕೆ ಹೋಗುವಳು, ಸರಿ ಮಾಡಿದರೆ ಜೇಬಿನಿಂದ ರೊಟ್ಟಿಯ ಚೂರು ಬರುವುದು. ಹದಿನೈದು ದಿನದಲ್ಲಿ ಆರು ಮಗ್ಗಗಳ ಅಬ್ಬರದ ನಡುವೆ ಆ ಮರಿ ಬಾಲವನ್ನೂ ಅಲ್ಲಾಡಿಸದೆ ಕೂತಿದ್ದನ್ನು ನೋಡಿ ನಾನು ಬೆರಗಾದೆ. ಈವರೆಗೆ ಹದಿನೆಂಟು ವರ್ಷ ಪಾಠ ಹೇಳಿದ ನನಗೆ ಒಂದು ತರಗತಿಯನ್ನೂ ಹಾಗೆ ಕೂರಿಸಲು ಆಗಿಲ್ಲ.

ಆದರೆ ಅಷ್ಟಕ್ಕೆ ಪಾಠ ಮುಗಿಯಲಿಲ್ಲ. ಉಜ್ವಲಾ ಅಡುಗೆಮನೆಯಲ್ಲಿ ತಾಟು ಬೀಳಿಸಬೇಕು. ಲಾಳಿ ಓಡಿ ಬಂದು ಸಾವಕ್ಕನ ಮೊಳಕಾಲಿಗೆ ಮೂತಿ ತಾಗಿಸಿ, ಅಡುಗೆಮನೆಯ ಕಡೆ ತಿರುಗಿ ನಿಲ್ಲಬೇಕು. ಬಾಗಿಲು ಬಡಿದರೆ ಮೂತಿ ತಾಗಿಸಿ ಬಾಗಿಲ ಕಡೆ. ನಾಲ್ಕು ಜನ ಕೂತಲ್ಲಿ ಯಾರೋ ಮಾತೆತ್ತಿದರೆ ಮೂತಿ ತಾಗಿಸಿ ಅವರ ಕಡೆ. ಉಜ್ವಲಾ ಇದನ್ನೊಂದು ಆಟವೆಂದು ನಕ್ಕು ಕೆಲಸಕ್ಕೆ ಹೋಗುವಳು. ನನಗೆ ಮಾತ್ರ ನನ್ನ ಪುಸ್ತಕದ ಮಾನ ಹೋದಂತಾಯಿತು. "ಸಾವಕ್ಕಾರ, ಇದು ತಿರುವುಮುರುವು ಆತಲ್ರಿ. ಈಗ ನಾಯಿನ ನಿಮಗ ಹುಕುಂ ಕೊಡಾಕತ್ತೈತಿ" ಎಂದೆ.

ಅವಳು ನನ್ನ ಮೀಸೆಯನ್ನು ನೋಡುತ್ತ ಹೇಳಿದಳು: "ಬರೇ ನಾವ ಹೇಳೂದು, ಅದು ಕೇಳೂದು ಅಂದ್ರ ನ್ಯಾಯ ಏನ್ರಿ?"

ಮರುವರ್ಷದ ಬೇಸಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬನಹಟ್ಟಿಯಲ್ಲಿ ಕರೆಂಟು ಹೋಗುವುದೆಂದರೆ ದೀಪ ಆರುವುದಲ್ಲ, ಇಡೀ ಊರಿನ ಸದ್ದು ಒಮ್ಮೆಲೇ ಆರುವುದು. ಬೇವಿನ ಮರದಲ್ಲಿ ಗುಬ್ಬಿಗಳಿವೆ ಎಂದು ನಮಗೆ ಗೊತ್ತಾಗುವುದು ಆಗಲೇ. ಕಾಶಪ್ಪ ಚಹಾದಂಗಡಿಗೆ ಹೋಗಿದ್ದ, ಉಜ್ವಲಾ ಹೊಲಿಗೆ ಕ್ಲಾಸಿಗೆ. ನಾನು ಲಾಳಿಯೊಡನೆ ಮೆಟ್ಟಿಲಿಳಿದು ಮಗ್ಗದ ಮನೆಯ ಬಾಗಿಲಿಗೆ ಬಂದಾಗ ಸಾವಕ್ಕ ಬಗ್ಗಿ ಕೂತು ಹರಿದ ಎಳೆಗಳನ್ನು ಗಂಟು ಹಾಕುತ್ತಿದ್ದಳು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವಳ ಬೆನ್ನನ್ನು ಕಂಡೆ. ಅವಳ ಹಿಂದಿನ ಗೋಡೆಗೆ, ನೂಲು ಸುತ್ತಿದ, ಇಬ್ಬರು ಹೊರಬೇಕಾದಷ್ಟು ಭಾರದ ಉರುಳೆಯನ್ನು, ಮಗ್ಗದವರ ಮಾತಿನ ಬೀಮನ್ನು, ನಿಲ್ಲಿಸಿದ್ದರು. ಅದು ಜಾರತೊಡಗಿತ್ತು.

"ಸಾವಕ್ಕಾರ! ಸರೀರಿ! ಬೀಮು!" ಎಂದು ಚೀರಿದೆ. ಎಂಟು ಹೆಜ್ಜೆಯ ಅಂತರ, ಸೂಜಿ ಬಿದ್ದರೆ ಕೇಳುವಂಥ ನಿಶ್ಶಬ್ದ. ಅವಳು ಗಂಟು ಹಾಕುತ್ತಲೇ ಇದ್ದಳು. ಮತ್ತೆ ಚೀರಿದೆ. ಎದುರು ಮನೆಯವರು ಹೊರಗೆ ಬಂದರು, ಅವಳು ತಿರುಗಲಿಲ್ಲ. ಅಷ್ಟರಲ್ಲಿ ಲಾಳಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಹಾರಿ, ಅವಳ ಅಂಗಿಯ ತೋಳನ್ನು ಕಚ್ಚಿ ಎಳೆಯಿತು. ಅವಳು ಪಕ್ಕಕ್ಕೆ ಉರುಳಿದಳು. ಬೀಮು ಅವಳು ಕೂತಿದ್ದ ಜಾಗಕ್ಕೇ ಬಂದು ಬಿದ್ದು ನೆಲದ ಫರಸಿ ಕಲ್ಲು ಎರಡು ಹೋಳಾಯಿತು.

ಆ ಸಪ್ಪಳಕ್ಕೆ ನಾನು ಕಿವಿ ಮುಚ್ಚಿಕೊಂಡೆ. ಸಾವಕ್ಕ ಬೆಚ್ಚಲೂ ಇಲ್ಲ. ನೆಲದ ಮೇಲೆ ಅಂಗೈ ಇಟ್ಟು ನಡುಕವನ್ನಷ್ಟೇ ತಿಳಿದುಕೊಂಡು, ಮೆಲ್ಲಗೆ ನನ್ನ ಮುಖ ನೋಡಿದಳು. ಆಗ ಅವಳ ಮುಖಕ್ಕೆ ಬಂದ ಭಯ ಬೀಮಿನದಲ್ಲ, ನನ್ನದು. ನನಗೆ ತಿಳಿದುಹೋಯಿತೆಂಬ ಭಯ.

ಬಾಗಿಲಿಗೆ ಬಂದವರನ್ನು ಕೈಸನ್ನೆಯಿಂದಲೇ ಕಳಿಸಿ, ಗೋಡೆಗೆ ಒರಗಿ ಕೂತಳು. ನಾನು ಎದುರಿಗೆ ಕುಕ್ಕರಿಸಿ, "ಯಾವಾಗಿಂದ?" ಎಂದೆ.

"ಉಜ್ವಲಾ ಏಳನೇತ್ತಾ ಕಲಿಯೂ ಮುಂದ ಸುರು ಆತ್ರಿ. ಮೊದಲ ಹಕ್ಕಿ ದನಿ ಹೋತು, ಆಮ್ಯಾಲ ಮಂದಿ ದನಿ. ಈಗ ಮಗ್ಗದ ಸಪ್ಪಳಾನೂ ಕಾಲಿಲೇ ತಿಳಿತೈತಿ."

ಹತ್ತು ವರ್ಷ! ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡನಿಗೆ, ಹೆತ್ತ ಮಗಳಿಗೆ, ಯಾರಿಗೂ ತಿಳಿಯದ ಹತ್ತು ವರ್ಷ. ತಿಳಿಯುವುದಾದರೂ ಹೇಗೆ? ಎಲ್ಲರೂ ತುಟಿ ನೋಡಿಯೇ ಮಾತಾಡುವ ಮನೆಯಲ್ಲಿ ತುಟಿಯನ್ನು ಮಾತ್ರ ನೋಡುವವಳೊಬ್ಬಳಿದ್ದರೆ ಯಾರು ಗುರುತಿಸಿಯಾರು? ಆ ಗೋಡೆ, ಆ ನೋಟ, ನೆಲಕ್ಕೆ ಅಪ್ಪಳಿಸುವ ಕಾಲು, ಓಣಿ ಗತ್ತು ಎಂದದ್ದು, ನಾನು ಸೌಜನ್ಯ ಎಂದುಕೊಂಡದ್ದು ಎಲ್ಲ ಒಂದೊಂದಾಗಿ ಬೇರೆಯೇ ಆಗಿ ಕಂಡವು.

"ಡಾಕ್ಟರಿಗೆ ತೋರಸೂನ್ರಿ, ಮನ್ಯಾಗ ಹೇಳ್ರಿ" ಎಂದೆ.

"ಬ್ಯಾಡ್ರಿ ಮಾಸ್ತರ, ನಿಮ್ಮ ಕಾಲು ಬೀಳ್ತೀನಿ. ಉಜ್ವಲಾಗ ವರಾ ನೋಡಾಕತ್ತಾರ. ತಾಯಿ ಕಿವುಡಿ ಅಂದ್ರ ಮಗಳ ಹೊಟ್ಯಾಗ ಹುಟ್ಟೂ ಕೂಸೂ ಕಿವುಡ ಅಂತಾರ. ಇದು ಮಗ್ಗ ಕೊಟ್ಟಿದ್ದು, ರಕ್ತದ್ದಲ್ಲ ಅಂತ ಯಾರಿಗೆ ಹೇಳ್ಲಿ?" ಲಾಳಿಯ ತಲೆ ಸವರಿದಳು. "ಬೀಗರು ಬಂದ ದಿನಾ ಮಗ್ಗ ನಿಂತಿರ್ತಾವ. ನಾಕೂ ಕಡೆ ಕುಂತು ಮಾತಾಡ್ತಾರ. ಎಲ್ಲಾರ ಬಾಯಿ ಒಮ್ಮೆಲೇ ಹೆಂಗ ನೋಡ್ಲಿ? ಅದಕ್ಕ ಇದಕ್ಕ ಕಲಿಸಿದೆ." ಆಮೇಲೆ, ನಾಚಿಕೆಯಿಂದ: "ನಿಮ್ಮ ಮೀಸಿ ಭಾಳ ತ್ರಾಸ ಕೊಡ್ತಾವ್ರಿ. ಅರ್ಧಾ ಮಾತು ಅದರಾಗ ಹೋಗ್ತಾವ."

ನಾನು ಯಾರಿಗೂ ಹೇಳೆನೆಂದು ಮಾತು ಕೊಟ್ಟೆ. ಅನುರಾಧಾಳಿಗೂ ಹೇಳಲಿಲ್ಲ.

ಹದಿನೈದು ದಿನಕ್ಕೆ ತೇರದಾಳದಿಂದ ಕನ್ಯೆ ನೋಡಲು ಬಂದರು. ಅವರದೂ ಮಗ್ಗದ ಮನೆತನ; ಹುಡುಗ, ಹುಡುಗನ ತಾಯಿ ಶಿವವ್ವ, ಜೊತೆಗೆ ಹಿರಿಯರಿಬ್ಬರು. ಕಾಶಪ್ಪ ಮಗ್ಗ ನಿಲ್ಲಿಸಿ ಜಮಖಾನ ಹಾಸಿ, ನನ್ನನ್ನೂ ಕೂಡಲು ಕರೆದಿದ್ದ. ಬಂದ ಹಿರಿಯನೊಬ್ಬ ಲಾಳಿಯ ಮೂತಿ ನೋಡುತ್ತಲೇ "ಮೊದಲ ಆ ನಾಯಿ ಹೊರಗ ಕಟ್ಟ್ರಿ" ಎಂದ. ಕಾಶಪ್ಪ ತಕ್ಷಣ ಎಳೆದುಕೊಂಡು ಹೋಗಿ ಹಿತ್ತಿಲಲ್ಲಿ ಕಟ್ಟಿ ಬಂದ. ಸಾವಕ್ಕನ ಹಣೆಯಲ್ಲಿ ಬೆವರು ಮೂಡಿದ್ದು ನನಗೊಬ್ಬನಿಗೆ ಕಂಡಿತು.

ಹೀಗಾಗಿ ಲಾಳಿಯ ಉದ್ಯೋಗಕ್ಕೆ ನಾನು ಭರ್ತಿಯಾದೆ. ಮೊಳಕಾಲು ಮುಟ್ಟುವಂತಿಲ್ಲ, ಅವಳು ಕೂತ ಜಮಖಾನದ ಅಂಚನ್ನು ಹಿಡಿದುಕೊಂಡು, ಯಾರು ಮಾತೆತ್ತಿದರೂ ಒಮ್ಮೆ ಎಳೆದು ಅವರ ಕಡೆ ಕತ್ತು ತಿರುಗಿಸುವುದು. ಕೆಲ ಹೊತ್ತು ನಡೆಯಿತು. ಅಷ್ಟರಲ್ಲಿ ಅವಲಕ್ಕಿ ಬಂತು. ನಾನು ಬಾಯಿಗಿಟ್ಟ ಗಳಿಗೆಗೇ ಬಲಗಡೆಯಿಂದ ಶಿವವ್ವ, "ಮಗಳಿಗೆ ಮಗ್ಗದ ಕೆಲಸಾ ಎಲ್ಲಾ ಬರತೈತೇನ್ರಿ?" ಎಂದಳು. ಸಾವಕ್ಕ ಎಡಗಡೆಯ ಹಿರಿಯನನ್ನೇ ನೋಡುತ್ತಿದ್ದಳು. ಶಿವವ್ವ ಮತ್ತೆ ಕೇಳಿದಳು. ಎಲ್ಲರೂ ಸಾವಕ್ಕನ ಕಡೆ ತಿರುಗಿದರು. ಅವಲಕ್ಕಿ ನನ್ನ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ಕೈಯಿಂದ ಜಮಖಾನ ಜಾರಿತು. ಎಂಥ ದಡ್ಡ ನಾಯಿ ನಾನು!

ಆಗ ಹಿತ್ತಿಲಿನ ಬಾಗಿಲು ಬಡಿದುಕೊಂಡಿತು. ಹರಿದ ಹಗ್ಗವನ್ನು ಎಳೆದುಕೊಂಡು ಲಾಳಿ ಒಳಗೆ ಬಂದು, ಯಾರನ್ನೂ ಲೆಕ್ಕಿಸದೆ, ಸಾವಕ್ಕನ ಮೊಳಕಾಲಿಗೆ ಮೂತಿ ತಾಗಿಸಿ, ಶಿವವ್ವನ ಕಡೆ ತಿರುಗಿ ನಿಂತಿತು. ಹಿರಿಯರು ಕಾಲು ಮೇಲೆತ್ತಿಕೊಂಡರು. ಕಾಶಪ್ಪ ಬಡಿಗೆ ಹುಡುಕಿದ. ಸಾವಕ್ಕ ಅಂಗೈ ಕೆಳಗೆ ಮಾಡಿದಳು, ಲಾಳಿ ಕೂತಿತು. "ಇನ್ನೊಮ್ಮೆ ಹೇಳ್ರೆವ್ವಾ" ಎಂದು ಸಾವಕ್ಕ ಶಿವವ್ವನಿಗೆ ಅಂದದ್ದು ನೀರಿನಷ್ಟು ಶಾಂತವಾಗಿತ್ತು. ಶಿವವ್ವ ನಾಯಿಯನ್ನೊಮ್ಮೆ ಅವಳನ್ನೊಮ್ಮೆ ನೋಡಿದಳು. ತಿಳಿಸಿ ಕಳಿಸುತ್ತೇವೆಂದು ಹೇಳಿ ಎಲ್ಲರೂ ಎದ್ದರು. ಮುಗಿಯಿತು ಎಂದುಕೊಂಡೆ. ಒಂದು ತುತ್ತು ಅವಲಕ್ಕಿಗಾಗಿ ಒಬ್ಬ ಹುಡುಗಿಯ ಮದುವೆ ತಪ್ಪಿಸಿದೆನೆಂದು ನಾಲ್ಕು ದಿನ ನನಗೆ ಊಟ ಸೇರಲಿಲ್ಲ.

ಐದನೆಯ ದಿನ, ಮಗ್ಗಗಳೆಲ್ಲ ಭರದಿಂದ ನಡೆದಿದ್ದಾಗ, ಶಿವವ್ವ ಒಬ್ಬಳೇ ಬಂದಳು. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಆ ಗದ್ದಲದಲ್ಲಿ ಇಬ್ಬರು ಹೆಂಗಸರ ತುಟಿಗಳು ಅಲುಗಿದವು, ಬೆರಳು ಆಡಿದವು, ಸಾವಕ್ಕ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ಕಾಶಪ್ಪ ಮಗ್ಗ ನಿಲ್ಲಿಸಿ ಹತ್ತಿರ ಬಂದು ಎದುರಿಗೆ ಕೂತು, "ನಿಮ್ಮದೇನ ಬೇಡಿಕಿ ಹೇಳ್ರೆವ್ವಾ" ಎಂದು ಕೇಳಿದ.

"ನಮಗ ಏನೂ ಬ್ಯಾಡ್ರಿ. ಹುಡುಗಿ ಪಸಂದ ಆಗ್ಯಾಳ. ಒಂದ ಬೇಡಿಕಿ ಐತಿ. ಈ ನಾಯಿ ಮರಿ ಹಾಕಿದ್ರ ನನಗೊಂದು ಕೊಡ್ರಿ. ಬರೇ ಮರಿ ಅಲ್ಲ, ಸಾವಕ್ಕಾರು ಕಲಿಸಿ ಕೊಡಬೇಕು."

ಕಾಶಪ್ಪ ದೊಡ್ಡದಾಗಿ ನಕ್ಕ, ಇಂಥ ಬೀಗಿತ್ತಿಯನ್ನು ಕಂಡಿಲ್ಲವೆಂದು. ನನಗೆ ನಗು ಬರಲಿಲ್ಲ. ಶಿವವ್ವ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅವಳ ನೋಟ ಕಾಶಪ್ಪನ ಕಣ್ಣಿನ ಮೇಲಿರಲಿಲ್ಲ, ಸ್ವಲ್ಪ ಕೆಳಗಿತ್ತು.

ಅಂದಿನಿಂದ ಎಲ್ಲಿ ಹೋದರೂ ಇಂಥವರೇ ಕಾಣತೊಡಗಿದರು. ರಬಕವಿಯ ಸಂತೆಯಲ್ಲಿ, ಬಸ್ ನಿಲ್ದಾಣದ ಕಂಬದ ಬುಡದಲ್ಲಿ, ಗೋಡೆಗೆ ಒರಗಿ ಬಾಯಿಗಳನ್ನು ನೋಡುತ್ತ ಕೂತ, ಕೂದಲಿಗೆ ನೂಲಿನ ನವಿರು ಅಂಟಿದ ಹೆಂಗಸರು. ನಾಡಿನ ಅರ್ಧ ಹೆಂಗಸರು ಉಡುವ ಸೀರೆಗೆ ಕಿವಿ ತೆತ್ತವರು. ಇವರು ಅದನ್ನು ಮುಚ್ಚಿಡುವುದು ನಾಚಿಕೆಗಲ್ಲ. ತಮಗೆ ಬಂದದ್ದು ಮಕ್ಕಳ ಮೇಲೆ ಬೀಳಬಾರದೆಂದು. ಅದಕ್ಕಾಗಿ ಅವರು ನೆಲದ ನಡುಕವನ್ನೂ ನಾಯಿಯ ಮೂತಿಯನ್ನೂ ಭಾಷೆ ಮಾಡಿಕೊಳ್ಳಬಲ್ಲರು, ಒಬ್ಬಳ ಗುಟ್ಟನ್ನು ಇನ್ನೊಬ್ಬಳು ತುಟಿ ಬಿಚ್ಚದೆ ಕಾಯಬಲ್ಲಳು. ಕೇಳುವ ಕಿವಿಯಿದ್ದ ನಾನು ಒಂದು ವರ್ಷ ಅದೇ ಮನೆಯಲ್ಲಿದ್ದು ಏನನ್ನು ಕೇಳಿಸಿಕೊಂಡೆ? ಶಿವವ್ವ ಹೋದ ಸಂಜೆಯೇ ಕ್ಷೌರದಂಗಡಿಗೆ ಹೋಗಿ ಮೀಸೆ ತೆಗೆಸಿ ಬಂದೆ. ಅನುರಾಧಾ ಗುರುತು ಸಿಗಲಿಲ್ಲವೆಂದು ನಕ್ಕಳು. ಸಾವಕ್ಕ ಮಗ್ಗದ ಸಂದಿಯಿಂದ ನೋಡಿ, ಲಾಳಿಗೆಂದು ಇಟ್ಟಿದ್ದ ರೊಟ್ಟಿಯ ಚೂರನ್ನು ಜೇಬಿನಿಂದ ತೆಗೆದು, ನನ್ನ ಕೈಗೆ ಇಟ್ಟಳು.