ಕೇಕ್ ಡಬ್ಬಿಯ ರಿಬ್ಬನ್

ನಮ್ಮ ಯಜಮಾನರು ಊರವರ ಎಸಿಗಳನ್ನೆಲ್ಲ ರಿಪೇರಿ ಮಾಡುತ್ತಾರೆ. ನಾನು ಕೇಕ್ ಮಾಡುವ ಕೋಣೆಯ ಎಸಿಯ ಸರದಿ ಮಾತ್ರ ಯಾವಾಗಲೂ ಕೊನೆಗೆ. ಅವತ್ತು ಮದುವೆಯ ದೊಡ್ಡ ಕೇಕಿಗೆ ಕ್ರೀಮು ಹಚ್ಚಿ ಮುಗಿಸಿದ್ದೆ, ಸಂಜೆ ಒಯ್ಯಲು ಬರುವವರಿದ್ದರು. ಮಧ್ಯಾಹ್ನ ಎಸಿ ಗೊರಗುಟ್ಟತೊಡಗಿತು. ಕೋಣೆ ಬೆಚ್ಚಗಾಗಿ ಕ್ರೀಮಿನ ಗುಲಾಬಿಗಳು ತಲೆ ಬಗ್ಗಿಸಿದವು.

"ಕಂಪ್ರೆಸರ್ ಕೈಕೊಟ್ಟಿದೆ. ನಾಳೆ ಬದಲಾಯಿಸೋಣ" ಎಂದರು ಯಜಮಾನರು.

"ನಾಳೆ ಕೇಕನ್ನ ಲೋಟಕ್ಕೆ ಬಗ್ಗಿಸಿ ಕೊಡ್ಲಾ?" ಎಂದೆ.

"ಅಪ್ಪಾ, ನಾನೊಂದ್ಸಲ ನೋಡ್ಲಾ?" ಎಂದಳು ಮಗಳು. ಕೆಲಸ ಕಲಿತು ಅಪ್ಪನ ಜೊತೆಗೇ ಓಡಾಡುತ್ತಿದ್ದರೂ ಅವಳ ಕೈಗೆ ಸಿಕ್ಕಿದ್ದು ಟಾರ್ಚ್ ಒಂದೇ.

"ನೋಡೋದೇನಿದೆ? ಟಾರ್ಚ್ ಹಿಡ್ಕೊ."

ನನಗೆ ರೇಗಿತು. "ಅವಳೇ ನೋಡ್ಲಿ. ಕರಗ್ತಿರೋದು ನನ್ನ ಕೇಕು."

ಅವಳು ಮುಚ್ಚಳ ಬಿಚ್ಚಿದಳು. ವಾಪಸ್ ಹೋಗುವ ಪೈಪಿನ ಮೇಲೆ ಕಂಪ್ರೆಸರಿನವರೆಗೂ ಮಂಜು ಕಟ್ಟಿತ್ತು. "ವಾಲ್ವ್ ಬೇಕಾದ್ದಕ್ಕಿಂತ ಜಾಸ್ತಿ ಗ್ಯಾಸ್ ಬಿಡ್ತಿದೆ. ಅದು ಪೂರ್ತಿ ಆವಿಯಾಗದೆ ದ್ರವವಾಗೇ ಕಂಪ್ರೆಸರಿಗೆ ವಾಪಸ್ ಹೋಗ್ತಿದೆ, ಅದಕ್ಕೇ ಈ ಗೊರಗೊರ" ಎಂದು ನನ್ನ ಕಡೆ ತಿರುಗಿದಳು. "ಅಮ್ಮ, ಬೆರಳಿನಷ್ಟು ಬಲ್ಬ್ ಒಂದು, ದೀಪದ್ದಲ್ಲ, ಶಾಖ ತಿಳಿಯೋದು, ಈ ಪೈಪನ್ನ ಸದಾ ಮುಟ್ಟಿಕೊಂಡಿರುತ್ತೆ. ಪೈಪ್ ಬೆಚ್ಚಗಾದ್ರೆ ವಾಲ್ವ್ ತೆರೆಯುತ್ತೆ, ತಣ್ಣಗಾದ್ರೆ ಮುಚ್ಚುತ್ತೆ."

ಅರ್ಥವಾಯಿತು. ಪಾತ್ರೆ ಮುಟ್ಟಿ ನೋಡಿ ನಾನು ಒಲೆ ಸಣ್ಣ ಮಾಡುವುದಿಲ್ಲವೇ, ಹಾಗೆ.

ಅವಳು ಪೈಪಿನ ಮೇಲಿನ ಫೋಮ್ ಸರಿಸಿದಳು. ಬಲ್ಬ್ ಪೈಪನ್ನು ಬಿಟ್ಟು ಜೋತಾಡುತ್ತಿತ್ತು. ಕೋಣೆಯ ಸೆಕೆಯನ್ನೇ ಪೈಪಿನ ಬಿಸಿ ಎಂದುಕೊಂಡು ವಾಲ್ವನ್ನು ತೆರೆದೇ ಇಟ್ಟಿತ್ತು. ಅದನ್ನು ಕಟ್ಟಿದ್ದದ್ದು ಗುಲಾಬಿ ಬಣ್ಣದ ರಿಬ್ಬನ್, ನಾನು ಕೇಕ್ ಡಬ್ಬಿಗೆ ಕಟ್ಟುವಂಥದ್ದು. ಒದ್ದೆಯಾಗಿ ಸಡಿಲವಾಗಿತ್ತು.

ಆ ಎಸಿಯನ್ನು ಕೂರಿಸಿದವರು ಯಾರೆಂದು ಮೂವರಿಗೂ ಗೊತ್ತಿತ್ತು. ಮಗಳು ಬಾಯಿ ಮುಚ್ಚಿಕೊಳ್ಳುತ್ತಾಳೇನೋ ಅಂದುಕೊಂಡೆ.

"ಅಪ್ಪಾ, ಇಲ್ಲಿಗೆ ತಾಮ್ರದ ಪಟ್ಟಿನೇ ಹಾಕ್ಬೇಕಿತ್ತು" ಎಂದಳು, ಮೆಲ್ಲಗೆ, ಆದರೆ ನೇರವಾಗಿ.

"ಅವತ್ತು ಪಟ್ಟಿ ಮುಗಿದಿತ್ತು. ಸದ್ಯಕ್ಕಿರ್ಲಿ ಅಂತ..."

ಇವರ ಸದ್ಯ ಎಷ್ಟು ಉದ್ದವೆಂದು ನನಗೆ ಗೊತ್ತಿಲ್ಲವೇ!

ಮಗಳು ಪೈಪನ್ನು ಹೊಳೆಯುವಂತೆ ಉಜ್ಜಿದಳು. ಬಲ್ಬನ್ನು ಅದಕ್ಕೆ ಒತ್ತಿ ಕೂರಿಸಿ, ಪಟ್ಟಿ ಬಿಗಿದು, ಫೋಮ್ ಸುತ್ತಿದಳು. ಒಳಗೆ ಬೆಳಕು ಸಾಲದಾದಾಗ ಯಜಮಾನರು ಯಾರೂ ಹೇಳದೆ ಟಾರ್ಚ್ ಹಿಡಿದರು.

ಮಂಜು ಕರಗಿತು, ಗೊರಗುಟ್ಟುವುದು ನಿಂತಿತು. ಕೋಣೆ ತಣ್ಣಗಾಗುತ್ತಾ ಬಂದ ಹಾಗೆ ನಾನು ಗುಲಾಬಿಗಳನ್ನು ಸರಿಮಾಡಿದೆ.

ಕೇಕ್ ಒಯ್ಯಲು ಬಂದಾಕೆ ನಡೆದದ್ದನ್ನೆಲ್ಲ ಕೇಳಿ, "ಸದ್ಯ, ಯಜಮಾನ್ರು ಮನೇಲೇ ಇದ್ರಲ್ಲ" ಎಂದಳು.

"ಕೆಡಿಸಿದ್ದು ನಾನು. ಸರಿ ಮಾಡಿದ್ದು ನಮ್ಮ ಮೇಸ್ತ್ರಿ" ಎಂದು ಯಜಮಾನರು ಮಗಳ ಕಡೆ ಕೈ ತೋರಿಸಿದರು. ಇಷ್ಟು ವರ್ಷದಲ್ಲಿ ಮೇಸ್ತ್ರಿ ಎಂಬ ಮಾತನ್ನು ಅವರು ಬೇರೆ ಯಾರಿಗೂ ಅಂದದ್ದಿಲ್ಲ. ಇಬ್ಬರನ್ನೂ ನೋಡಿ ನನ್ನ ಎದೆ ಉಬ್ಬಿತು.

ಮರುದಿನ ಇಬ್ಬರೂ ಕೆಲಸಕ್ಕೆ ಹೊರಟಾಗ ಸಾಮಾನಿನ ಚೀಲ ಮಗಳ ಹೆಗಲಲ್ಲಿತ್ತು. ಟಾರ್ಚ್ ಯಜಮಾನರ ಜೇಬಿನಲ್ಲಿತ್ತು.