ಮಣೆಯ ಮೇಲೆ ತೆಗೆದ ಅಳತೆ

ಮೆಸೇಜು ಓದಿ ಅಲಮೇಲುವಿಗೆ ಮೈಯೆಲ್ಲ ಉರಿದುಹೋಯಿತು. ಅಮೆರಿಕದ ಕೆಂಡಲ್ ಪಾರ್ಕಿನ ಮನೆಯ ಬೇಸ್‌ಮೆಂಟಿನಲ್ಲಿ ಹದಿನೆಂಟು ವರ್ಷದಿಂದ ಮದುವೆ ಹೆಣ್ಣುಗಳಿಗೆ ರವಿಕೆ ಹೊಲಿಯುತ್ತಿದ್ದಾಳೆ; ಮಗಳ ಬೆನ್ನ ಹಿಂದೆ ಅಳತೆ ಬದಲಿಸಿದ ತಾಯಿಯನ್ನು ಇದುವರೆಗೆ ಕಂಡಿರಲಿಲ್ಲ. 'ಸೊಂಟ ನಾಲ್ಕು ಇಂಚು ಕಮ್ಮಿ ಮಾಡಿಬಿಡಿ. ಫೋಟೋಗೆ ಸ್ಲಿಮ್ ಕಾಣ್ಬೇಕು. ಮಾನಸಿ ಅಡ್ಜಸ್ಟ್ ಮಾಡ್ಕೋತಾಳೆ' ಎಂದು ಮಾನಸಿಯ ತಾಯಿ ವಿಜಿ ಬರೆದಿದ್ದಳು.

ಅಡ್ಜಸ್ಟ್ ಮಾಡ್ಕೋತಾಳಂತೆ! ಹುಡುಗಿಯ ಸೊಂಟವೇನು ಚಪಾತಿ ಹಿಟ್ಟೇ, ಒತ್ತಿದ ಕಡೆ ಒತ್ತಿಸಿಕೊಳ್ಳಲು?

ಮುಹೂರ್ತದ ಸೀರೆಗೆ ಸೊಂಟದವರೆಗೆ ಇಳಿದು ಬೆನ್ನಿಗೆ ಲಾಡಿ ಬಿಗಿಯುವ ಕಾರ್ಸೆಟ್ ರವಿಕೆ ಬೇಕೆಂದವಳು ಮಾನಸಿಯೇ. ಅಲಮೇಲು ಅವಳನ್ನು ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಿಸಿಯೇ ಅಳತೆ ತೆಗೆದಿದ್ದಳು. ನಿಂತಾಗ ತೆಗೆದ ಅಳತೆಗೆ ಹೊಲಿದರೆ, ಕೂತ ತಕ್ಷಣ ಒಳಗಿನ ಸ್ಟೀಲ್ ಪಟ್ಟಿಗಳು ಮೇಲೆ ಎದೆಗೂ ಕೆಳಗೆ ತೊಡೆಗೂ ಚುಚ್ಚುತ್ತವೆ. ಹಸೆಮಣೆಯ ಮೇಲೆ ಎರಡು ಗಂಟೆ, ಜೊತೆಗೆ ಹೋಮದ ಹೊಗೆ. ಆ ಹುಡುಗಿ ಉಸಿರಾಡಬೇಕೋ ಬೇಡವೋ?

ಶನಿವಾರ ತಾಯಿ ಮಗಳು ಟ್ರಯಲ್‌ಗೆ ಬಂದರು. ಮದುವೆಗೆ ಹತ್ತೇ ದಿನ. ರೇಷ್ಮೆಗೆ ಅಂದೇ ಕತ್ತರಿ ಹಾಕಬೇಕಿತ್ತು. ಅಲಮೇಲು ದಪ್ಪ ಕಾಟನ್ನಿನಲ್ಲಿ ಹೊಲಿದಿಟ್ಟ ಟ್ರಯಲ್ ಪೀಸನ್ನು ವಿಜಿಯ ಕೈಗಿಟ್ಟಳು.

"ನೀವು ಹೇಳಿದ ನಾಲ್ಕು ಇಂಚು ತೆಗೆದಿದ್ದೀನಿ. ನಿಮ್ಮಿಬ್ಬರದೂ ಒಂದೇ ಮೈಕಟ್ಟು. ಮೊದಲು ನೀವೇ ಹಾಕ್ಕೊಳ್ಳಿ."

"ವಾಟ್ ಫೋರ್ ಇಂಚಸ್?" ಎಂದಳು ಮಾನಸಿ.

ಅಲಮೇಲು ಫೋನು ತೋರಿಸಿದಳು. ಓದುತ್ತ ಹುಡುಗಿಯ ಮುಖ ಕೆಂಪಾಯಿತು. ವಿಜಿ ಬಿಗುಮಾನದಿಂದಲೇ ಬ್ಲೌಸಿನ ಮೇಲೆ ಅದನ್ನು ತೊಟ್ಟಳು. "ಅಷ್ಟೇನೂ ಕಷ್ಟ ಇಲ್ಲ ರೀ. ಒಂದು ದಿನಕ್ಕೆ ತಾನೆ?"

"ಮಾಂಸ ಮೇಲೋ ಕೆಳಗೋ ಸರಿಯತ್ತೆ ವಿಜಿ ಅವರೇ, ಪಕ್ಕೆಲುಬು ಎಲ್ಲಿಗೆ ಹೋಗತ್ತೆ?" ಎನ್ನುತ್ತ ಅಲಮೇಲು ಬೆನ್ನಿನ ಲಾಡಿಯನ್ನು ಎರಡೂ ಅಂಚು ಸೇರುವವರೆಗೆ ಎಳೆದು, ತುದಿಯನ್ನು ಮಾನಸಿಯ ಕೈಗೆ ಕೊಟ್ಟಳು. "ಈಗ ಮಣೆ ಮೇಲೆ ಕೂತ್ಕೊಳ್ಳಿ."

ವಿಜಿ ಕೂತಳು. ಎರಡು ನಿಮಿಷಕ್ಕೇ ಹಣೆಯಲ್ಲಿ ಬೆವರೊಡೆಯಿತು. ನಮಸ್ಕಾರಕ್ಕೆ ಬಗ್ಗಿ ಎಂದರೆ ಬಗ್ಗಲಾಗಲಿಲ್ಲ, ಏಳಲೂ ಆಗಲಿಲ್ಲ.

"ಮಾನಸಿ, ಲಾಡಿ ಸಡಿಲ ಮಾಡೇ. ಉಸಿರು ಕಟ್ತಿದೆ."

ಮಾನಸಿ ಲಾಡಿ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ತಾಯಿಯ ಫೋಟೋ ತೆಗೆದು ಅವಳ ಮುಂದೆ ಹಿಡಿದಳು.

"ಯು ಲುಕ್ ಸೋ ಸ್ಲಿಮ್, ಅಮ್ಮಾ. ಅಡ್ಜಸ್ಟ್ ಮಾಡ್ಕೋ."

ವಿಜಿ ಫೋಟೋದಿಂದ ಮುಖ ತಿರುಗಿಸಿದಳು. ಮಾನಸಿಯೇ ಲಾಡಿಯನ್ನು ಒಂದೊಂದೇ ಸುತ್ತು ಸಡಿಲಿಸಿದಳು.

ಅಲಮೇಲುವಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮೇಜಿನ ಮೇಲೆ ರೇಷ್ಮೆ ಹರಡಿ, ವಿಜಿಯತ್ತ ನೋಡದೆ ಕೇಳಿದಳು: "ಸೊಂಟ ಎಷ್ಟು ಇಂಚು ಇಡಲಮ್ಮ, ಮಾನಸಿ?"

"ನಂದು ಎಷ್ಟಿದೆಯೋ ಅಷ್ಟು, ಆಂಟಿ."

ಅಲಮೇಲು ಕತ್ತರಿ ಹಾಕಿದಳು.