ಸತ್ತವನ ಜೊತೆ ಜೋಡಿ

"ಆಯ್ತು ಗಸ್, ಜೋಡಿ" ಎಂದುಬಿಟ್ಟ ಸೆನೆಟರ್ ಲೈಲ್ ಪ್ರೆಂಟಿಸ್. ಎಂದ ಮೇಲೂ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತ.

ಅತ್ತ ಕಡೆ ಆಸ್ಪತ್ರೆಯ ಯಾವುದೋ ಯಂತ್ರ ಕುಂಯ್‌ಗುಡುತ್ತಿತ್ತು. ಸೆನೆಟರ್ ಅಗಸ್ಟಸ್ ಬೋಮಂಟ್ ಉಸಿರು ಕೂಡಿಸಿಕೊಳ್ಳಲು ಹೊತ್ತು ತೆಗೆದುಕೊಂಡ.

"ಬಾಯಿಮಾತಿಗೆ ಹೇಳ್ತಿಲ್ಲ ತಾನೆ? ಸಭೇಲಿ ಎದ್ದು ನಿಂತು ಹೇಳ್ಬೇಕು ಕಣಯ್ಯ. ಬೋಮಂಟ್ ಬಂದಿದ್ರೆ ಹೌದು ಅಂತಿದ್ದ, ನನಗೆ ಸ್ವಾತಂತ್ರ್ಯ ಇದ್ದಿದ್ರೆ ನಾನು ಇಲ್ಲ ಅಂತಿದ್ದೆ, ಅದಕ್ಕೇ ನನ್ನ ಮತ ತಡೆ ಹಿಡಿದಿದೀನಿ ಅಂತ."

"ಗೊತ್ತು ಗಸ್."

"ನನ್ನ ಕಡೇ ಮತ ಕಣೋ. ಗೈರುಹಾಜರು ಅಂತ ಬರೆಸ್ಕೊಂಡು ಸಾಯೋಕೆ ನನಗಿಷ್ಟ ಇಲ್ಲ."

"ಸಾಯೋ ಮಾತ್ಯಾಕೆ ಈಗ."

"ಬುದ್ಧಿ ಹೇಳ್ಬೇಡ. ಮಾತು ಕೊಟ್ಟೆ ತಾನೆ?"

"ಕೊಟ್ಟೆ."

ಇಷ್ಟು ವರ್ಷಗಳಲ್ಲಿ ಈ ಇಬ್ಬರು ಒಂದೇ ಒಂದು ಮಸೂದೆಗೂ ಒಂದೇ ಕಡೆ ಮತ ಹಾಕಿದವರಲ್ಲ. ಬರಲಾಗದ ಸದಸ್ಯನಿಗಾಗಿ ಎದುರು ಪಕ್ಷದವನೊಬ್ಬ ತನ್ನ ಮತವನ್ನೂ ತಡೆ ಹಿಡಿದು ಲೆಕ್ಕ ಸರಿದೂಗಿಸುವುದಕ್ಕೆ ಸೆನೆಟ್‌ನಲ್ಲಿ ಜೋಡಿ ಎನ್ನುತ್ತಾರೆ. ಗಣಿಯಲ್ಲಿ ಕಲ್ಲಿದ್ದಲ ದೂಳು ಕುಡಿದು ಎದೆ ಕೆಡಿಸಿಕೊಂಡವರಿಗೆ ಸರ್ಕಾರ ಕೊಡುವ ಪರಿಹಾರವನ್ನು, ಅವರ ಆಮ್ಲಜನಕದ ಖರ್ಚನ್ನು ಕತ್ತರಿಸುವ ಮಸೂದೆ ಇವತ್ತು ಮತಕ್ಕೆ ಬರುವುದಿತ್ತು. 'ದುಡಿಯದವನ ಉಸಿರನ್ನೂ ಸರ್ಕಾರವೇ ಕೊಳ್ಳಬೇಕೇನು?' ಎಂದು ಬೋಮಂಟ್ ಮೂವತ್ತು ವರ್ಷದಿಂದ ಕೇಳುತ್ತ ಬಂದಿದ್ದ. ಅಷ್ಟು ಕ್ರೂರವಾದ ಮಾತನ್ನು ಪ್ರೆಂಟಿಸ್ ಇನ್ನೊಂದು ಕೇಳಿರಲಿಲ್ಲ. ಆದರೆ ಅದು ಬೋಮಂಟನ ಸ್ವಂತ ಮಾತು. ಬೇರೆ ಯಾರೂ ಬರೆದುಕೊಟ್ಟದ್ದಲ್ಲ.

ಡೋರೀನ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಪ್ರೆಂಟಿಸ್‌ನ ಕಚೇರಿಯ ಮುಖ್ಯಸ್ಥೆ ಅವಳು. ಅವನ ಭಾಷಣ, ಅವನ ದುಃಖ, ಅವನ ಕ್ರಿಸ್‌ಮಸ್ ಶುಭಾಶಯ ಎಲ್ಲ ಬರೆಯುವವಳೂ ಅವಳೇ.

"ಪರ್ವಾಗಿಲ್ಲ ಸರ್, ಕೊಟ್ರೆ ಕೊಡಿ. ಹೇಗೂ ಐವತ್ತಕ್ಕೆ ಐವತ್ತು. ಸಮ ಬಿದ್ರೆ ಪೀಠದಲ್ಲಿರೋ ಉಪಾಧ್ಯಕ್ಷರು ಅವರ ಕಡೆಗೇ ಹಾಕ್ತಾರೆ. ನೀವು ಜೋಡಿ ಕಟ್ಟಿದ್ರೆ ಎರಡೂ ಕಡೆ ಒಂದೊಂದು ಕಮ್ಮಿ, ಆಗ್ಲೂ ಸಮಾನೇ. ಸೋಲೋದಂತೂ ಸೋಲ್ತೀವಿ, ಸ್ವಲ್ಪ ದೊಡ್ಡತನಾನಾದ್ರೂ ಕಾಣ್ಲಿ."

"ಕಾಣತ್ತಾ?"

"ಕಾಣೋ ಹಾಗೆ ಹೇಳಿಕೆ ಬರೀತೀನಿ. ಗಣಿ ಸಂಘದವರು ಮತ ನೋಡಿ ಮಾರ್ಕು ಹಾಕ್ತಾರಲ್ಲ, ಈ ಸಲ ನಿಮಗೆ ನೂರಕ್ಕೆ ನೂರು ಕೊಡಲ್ಲ, ಅಷ್ಟೆ."

ಅವನು ಕಿಟಕಿಯ ಕಡೆ ತಿರುಗಿದ. ಸೆನೆಟ್‌ಗೆ ಬರುವ ಮೊದಲು ಅವನು ಕಾಲೇಜಿನಲ್ಲಿ ನೀತಿಶಾಸ್ತ್ರದ ಪಾಠ ಹೇಳುತ್ತಿದ್ದ. ಆಗ ಹುಡುಗರನ್ನು ಪ್ರಶ್ನೆ ಕೇಳಿ ಗೋಳು ಹೊಯ್ದುಕೊಳ್ಳುತ್ತಿದ್ದುದು ನೆನಪಾಯಿತು.

"ಡೋರೀನ್, ಈ ಮಸೂದೆ ಬಗ್ಗೆ ನಾನೇನು ಯೋಚನೆ ಮಾಡ್ತೀನಿ?"

"ವಿರೋಧಿಸ್ತೀರಿ."

"ಅದು ನಿಲುವು. ನಾನು ಕೇಳಿದ್ದು ಯೋಚನೆ."

"ಅದೂ ನಮ್ಮ ವೆಬ್‌ಸೈಟಲ್ಲಿದೆ ಸರ್. ನಾಲ್ಕು ಪ್ಯಾರಾ." ಅವಳು ತಮಾಷೆ ಮಾಡುತ್ತಿರಲಿಲ್ಲ. "ನಿಮ್ಮೂರ ಕಡೆಯಿಂದ ಡೆಲ್ಬರ್ಟ್ ರಾಟ್ಲಿಫ್ ಅನ್ನೋರು ಬಂದು ಕೂತಿದಾರೆ. ಐದು ನಿಮಿಷ ಸಾಕು."

ರಾಟ್ಲಿಫ್ ಒಳಗೆ ಬಂದದ್ದು ಗಾಲಿಯ ಮೇಲೆ ಸಿಲಿಂಡರ್ ಎಳೆದುಕೊಂಡು. ಮೂಗಿಗೆ ನಳಿಗೆ, ಮೈಮೇಲೆ ಚರ್ಚಿಗೆ ಹಾಕುವ ಕೋಟು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೂತರೆ ಏಳುವುದು ಕಷ್ಟವಂತೆ.

"ನನ್ ಹೆಂಡ್ರು ನಿಮ್ ಮಾರ್ಕಿನ ಚೀಟಿ ಫ್ರಿಜ್‌ಗೆ ಅಂಟಿಸ್ಕಂಡವ್ಳೆ ಕಣ್ರೀ ಸೆನೆಟರೇ. ನೂರಕ್ಕೆ ನೂರು! ನಮ್ ಮೊಮ್ಮಗಳಿಗೂ ಒಂದಿನ ಅಷ್ಟು ಬಂದಿಲ್ಲ."

"ನಿಮ್ಮೆಲ್ಲರ ವಿಶ್ವಾಸ."

"ಇವತ್ತು ಗೆಲ್ತೀವಾ?"

"ಸಂಖ್ಯೆ ಸಾಲದು ಡೆಲ್ಬರ್ಟ್."

"ಅದು ಟೀವೀಲೂ ಹೇಳುದ್ರು ಬುಡಿ. ಸೋತ್ರೆ ಸೋಲನ, ಗಣೀಲಿ ಸೋಲದೆ ಇದ್ದದ್ದು ಯಾವಾಗ? ಆದ್ರೂ ನಮ್ ಕಡೆ ಮನುಷ್ಯ ಎಲ್ರ ಮುಂದೆ 'ಇಲ್ಲ' ಅನ್ನದು ಕಿವಿಯಾರೆ ಕೇಳ್ಬೇಕು ಅಂತ ಬಂದೆ. ರಾತ್ರಿಯೆಲ್ಲ ಬಸ್ಸು."

ಈಗ ಹೇಳಬೇಕಿತ್ತು. ಇಲ್ಲ ಅನ್ನುವುದಿಲ್ಲ ಡೆಲ್ಬರ್ಟ್, ಒಬ್ಬ ಮುದುಕನಿಗೆ ಮಾತು ಕೊಟ್ಟಿದ್ದೇನೆ, ಲೆಕ್ಕಕ್ಕೆ ವ್ಯತ್ಯಾಸವಿಲ್ಲ ಎಂದು. ಬಾಯಿ ಅಭ್ಯಾಸದ ದಾರಿ ಹಿಡಿಯಿತು.

"ನಿಮ್ಮಂಥವರು ಬಂದಿದ್ದು ನನಗೆ ಬಲ" ಎಂದು ಕೈ ಕುಲುಕಿದ. ರಾಟ್ಲಿಫ್‌ನ ಅಂಗೈಯಲ್ಲಿ ಕಲ್ಲಿದ್ದಲು ಚರ್ಮದೊಳಗೇ ಕೂತು ನೀಲಿಯಾಗಿತ್ತು. ಪ್ರೆಂಟಿಸ್‌ಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆಯೂ ಯಾವುದೋ ಹೇಳಿಕೆಯ ಮೂರನೇ ಪ್ಯಾರಾದ ಹಾಗಿತ್ತು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಎಂದಿನ ಬಿಳಿ ಕಾಳಿನ ಸೂಪು. ಎರಡು ಚಮಚ ಬಾಯಿಗಿಟ್ಟಿದ್ದ, ಡೋರೀನ್ ಬಂದಳು. ಓಡಿ ಬಂದವಳು ಮೇಜಿನ ಹತ್ತಿರ ಮಾತ್ರ ಮೆಲ್ಲಗೆ ನಡೆದಳು. ಮುಖವನ್ನು ಬಲವಂತವಾಗಿ ಬಿಗಿ ಹಿಡಿದಿದ್ದಳು.

"ಬೋಮಂಟ್ ಹೋದ್ರು ಸರ್."

ಅವನು ಚಮಚ ಕೆಳಗಿಟ್ಟ.

"ತುಂಬಾ ದುಃಖದ ವಿಷಯ" ಎಂದು ಅವಳು ಒಂದು ಉಸಿರು ಕಾದಳು. ಆಮೇಲೆ ತಡೆಯಲಾಗಲಿಲ್ಲ. "ಅವರದ್ದು ಈಗ ನಲವತ್ತೊಂಬತ್ತು. ನಮ್ಮದು ನಿಮ್ಮದೂ ಸೇರಿ ಐವತ್ತು. ಉಪಾಧ್ಯಕ್ಷರಿಗೆ ಕೆಲಸಾನೇ ಇಲ್ಲ. ಮಸೂದೆ ಬಿತ್ತು ಸರ್! ನಿಮ್ಮಿಂದ!"

"ನಾನು ಜೋಡಿ ಕಟ್ಟಿದೀನಿ."

ಅವಳು ನಕ್ಕೇಬಿಟ್ಟಳು. ಅವನು ನಗಲಿಲ್ಲ. ನಗು ಮೆಲ್ಲಗೆ ಇಳಿಯಿತು.

"ಸರ್, ಸತ್ತೋರ ಜೊತೆ ಎಂಥ ಜೋಡಿ?"

"ಸತ್ತರೆ ಬಿಡ್ತೀನಿ ಅಂತ ನಾನು ಹೇಳಿರ್ಲಿಲ್ಲ."

ಹೇಳಿದ ಮೇಲೆ ಆ ಮಾತು ಅವನಿಗೇ ಹೊಸದಾಗಿ ಕೇಳಿಸಿತು. ಯಾರ ಕಾಗದದಲ್ಲೂ ಇಲ್ಲದ ಮಾತು. ಇಂಥದೊಂದು ತನ್ನ ಬಾಯಿಂದ ಹೊರಟು ಎಷ್ಟು ಕಾಲವಾಗಿತ್ತೋ. ಸೂಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಪೂರ್ತಿ ಕುಡಿದ.

ಪಕ್ಷದ ನಾಯಕ ಅವನನ್ನು ಹಿಡಿದದ್ದು ಸಭಾಂಗಣದ ಬಾಗಿಲಲ್ಲಿ. ಹೆಗಲ ಮೇಲೆ ಕೈ ಹಾಕಿ ಗೋಡೆಯ ಕಡೆ ಸರಿಸಿದ.

"ಏನೋ ತಲೆಹರಟೆ ಕೇಳ್ದೆ. ಸುಳ್ಳು ಅಂತ ಹೇಳ್ಬಿಡು."

"ನಿಜ."

"ಲೈಲ್, ಜೋಡಿ ಅಂದ್ರೆ ಇಬ್ಬರು ಬೇಕಲ್ಲಪ್ಪಾ."

"ನಾನೊಬ್ಬ ಇದೀನಲ್ಲ."

"ನಿನ್ನ ರಾಜ್ಯದ ಗಣಿ ಜನ ನಿನ್ನ ಸುಟ್ಟು ಹಾಕ್ತಾರೆ. ಮುಂದಿನ ವರ್ಷ ಚುನಾವಣೆ. ನೆನಪಿದೆಯಾ, ಅದನ್ನೂ ಗಸ್‌ಗೇ ಬರೆದುಕೊಟ್ಟೆಯಾ?"

"ಸುಡ್ಲಿ."

"ಆ ಮುದುಕ ನಿನ್ನ ಜಾಗದಲ್ಲಿದ್ದಿದ್ರೆ ಎರಡು ಸಲ ಯೋಚನೆ ಮಾಡ್ತಿರ್ಲಿಲ್ಲ. ನಿನ್ನ ಹೆಣ ದಾಟಿ ಹೋಗಿ ಮತ ಹಾಕ್ತಿದ್ದ."

"ಹಾಕ್ತಿದ್ನೇನೋ. ಮಾತು ಕೊಟ್ಟೋನು ನಾನು."

ನಾಯಕ ಕೈ ತೆಗೆದ. "ಹುಚ್ಚಾ" ಎಂದು ಸಣ್ಣಗೆ ಅಂದು ಹೋದ. ಹಿಂದೆಯೇ ಬಂದಿದ್ದ ಡೋರೀನ್ ಒಬ್ಬಳೇ ಉಳಿದಳು. ಅವಳ ಕಣ್ಣು ಕೆಂಪಾಗಿತ್ತು. ಅವಳಪ್ಪನೂ ಗಣಿಯಲ್ಲಿದ್ದವನು. ಆ ವಿಷಯ ಈಗಷ್ಟೇ ನೆನಪಾದದ್ದಕ್ಕೆ ಪ್ರೆಂಟಿಸ್‌ಗೆ ಕಸಿವಿಸಿಯಾಯಿತು.

"ಸಾವಿರಾರು ಜನರ ಉಸಿರು ಸರ್ ಇದು. ನಿಮ್ಮ ಮರ್ಯಾದೆ ದೊಡ್ಡದೋ ಅದು ದೊಡ್ಡದೋ?"

ಉತ್ತರ ಸುಲಭವಿತ್ತು. ಕಾಲೇಜಿನಲ್ಲಾಗಿದ್ದರೆ ಹಿಂದಿನ ಬೆಂಚಿನ ಹುಡುಗನೂ ಹೇಳಿಬಿಡುತ್ತಿದ್ದ. ಅವಳು ಹೇಳಿದ್ದು ಸರಿ. ಸರಿ ಎಂದು ತಿಳಿದೇ ಅವನು ಒಳಗೆ ನಡೆದ. ಇಷ್ಟು ವರ್ಷ ಮತ ಹಾಕುವಾಗ ಅವನ ಹೆಬ್ಬೆರಳನ್ನು ಯಾರೋ ಎತ್ತಿಸಿದ್ದರು, ಯಾರೋ ಇಳಿಸಿದ್ದರು. ಒಮ್ಮೆ ಪಕ್ಷ, ಒಮ್ಮೆ ಸಮೀಕ್ಷೆ, ಒಮ್ಮೆ ಫ್ರಿಜ್ಜಿಗೆ ಅಂಟಿಸುವ ಚೀಟಿ. ನೂರಕ್ಕೆ ನೂರು ತೆಗೆದ ಆ ಮನುಷ್ಯನನ್ನು ಅವನು ಎಲ್ಲೂ ಭೇಟಿಯಾಗಿರಲಿಲ್ಲ. ಇವತ್ತು ಒಂದು ಸಲ, ಯಾರಿಗೂ ಬೇಡವಾದ ಒಂದು ಕೆಲಸವನ್ನು ತಾನೇ ಮಾಡುತ್ತೇನೆ. ಇದು ದುರಹಂಕಾರ ಎಂದು ಗೊತ್ತಿತ್ತು. ಬೆಲೆ ಕೊಡುವವರು ಬೇರೆಯವರು ಎಂದೂ ಗೊತ್ತಿತ್ತು. ಗೊತ್ತಿದ್ದೂ ಹಿತವಾಗಿತ್ತು.

ಗುಮಾಸ್ತ ಅಕ್ಷರಾನುಕ್ರಮದಲ್ಲಿ ಹೆಸರು ಕೂಗುತ್ತ ಹೋದ. ಬೋಮಂಟನ ಹೆಸರನ್ನು ಆಗಲೇ ತೆಗೆದಿದ್ದರು. ಬೆಳಗ್ಗೆಯವರೆಗೆ ಆ ಹೆಸರಿದ್ದ ಕಡೆ ಗುಮಾಸ್ತ ತಡವರಿಸಲೂ ಇಲ್ಲ. ಒಬ್ಬೊಬ್ಬರಾಗಿ ಪೀಠದ ಮುಂದೆ ಬಂದು, ಹೌದಾದರೆ ಮೇಲಕ್ಕೆ ಇಲ್ಲವಾದರೆ ಕೆಳಕ್ಕೆ, ಹೆಬ್ಬೆರಳು ತೋರಿಸಿ ಹೋದರು. ಮೇಲೆ ಗ್ಯಾಲರಿಯ ಮೊದಲ ಸಾಲಿನಲ್ಲಿ ರಾಟ್ಲಿಫ್ ಕಂಬಿ ಹಿಡಿದು ಕೂತಿದ್ದ. ಕಡೆಗೂ ಕೂತಿದ್ದ.

ಎಲ್ಲರದೂ ಮುಗಿದ ಮೇಲೆ ಪ್ರೆಂಟಿಸ್ ತನ್ನ ಮೇಜು ಬಿಟ್ಟು ಕೆಳಗಿಳಿದು ಪೀಠದ ಮುಂದೆ ನಿಂತ. ಲೆಕ್ಕ ಸಮ ಬಿದ್ದಿತ್ತು.

"ಈ ಮತಕ್ಕೆ ನಾನು ಸೆನೆಟರ್ ಬೋಮಂಟ್ ಜೊತೆ ಜೋಡಿ ಕಟ್ಟಿದ್ದೇನೆ" ಎಂದ. "ಅವರು ಇಲ್ಲಿದ್ದಿದ್ದರೆ ಹೌದು ಎನ್ನುತ್ತಿದ್ದರು. ನನಗೆ ಸ್ವಾತಂತ್ರ್ಯ ಇದ್ದಿದ್ದರೆ ಇಲ್ಲ ಎನ್ನುತ್ತಿದ್ದೆ. ಆದ್ದರಿಂದ ನನ್ನ ಮತ ತಡೆ ಹಿಡಿಯುತ್ತೇನೆ."

ಗುಜುಗುಜು ಎದ್ದಿತು. ನಾಯಕ ನಿಂತು ಆಕ್ಷೇಪ ಹೇಳಿದ. ನಿಯಮ ಬಲ್ಲ ಅಧಿಕಾರಿ ಕತ್ತು ಚಾಚಿ ಉಪಾಧ್ಯಕ್ಷನ ಕಿವಿಯಲ್ಲಿ ಏನೋ ಹೇಳಿದ. ಉಪಾಧ್ಯಕ್ಷ ಒಲ್ಲದ ಮನಸ್ಸಿನಿಂದ ತೀರ್ಪು ಹೇಳಿದ.

"ಆ ಸ್ಥಾನ ಖಾಲಿಯಾಗಿದೆ. ಇಲ್ಲದ ಸದಸ್ಯರ ಜೊತೆ ಜೋಡಿಯನ್ನು ಸದನ ಒಪ್ಪುವುದಿಲ್ಲ. ಸೆನೆಟರ್ ಅವರ ಹೇಳಿಕೆಯನ್ನು ಕಡತದಿಂದ ತೆಗೆಯಲಾಗಿದೆ. ಹೆಸರು ಮತ್ತೆ ಕೂಗಿ."

ಹೋಯಿತು. ಮುದುಕನ ಕೊನೆಯ 'ಹೌದು' ಹೋಯಿತು, ಅದರ ಜೊತೆ ಪ್ರೆಂಟಿಸ್ ಹೇಳಿದ್ದ 'ಇಲ್ಲ'ವೂ ಹೋಯಿತು. ಈಗ ಹಿಡಿದುಕೊಳ್ಳಲು ಮಾತೂ ಇಲ್ಲ. ಅವನಿಗೆ ಪೂರ್ತಿ ಸ್ವಾತಂತ್ರ್ಯ ಇತ್ತು.

"ಮಿಸ್ಟರ್ ಪ್ರೆಂಟಿಸ್."

ಅವನು ಕೈ ಎತ್ತಲಿಲ್ಲ. ಒಳಗೆ ಎಲ್ಲಾದರೂ ಒಂದು 'ಇಲ್ಲ' ಇದೆಯೇ ಎಂದು ತಡಕಾಡಿದ. ನಾಲ್ಕು ಪ್ಯಾರಾ ಸಿಕ್ಕಿತು.

"ಹೇಳ್ರೀ ಸೆನೆಟರೇ!" ಮೇಲಿಂದ ರಾಟ್ಲಿಫ್ ಕೂಗಿದ. ಕೂಗಿದ್ದೇ ಕೆಮ್ಮು ಒತ್ತಿ ಬಂತು. "ಒಂದೇ ಮಾತು... ಹೇಳ್ಬಾರ್ದಾ..." ಗ್ಯಾಲರಿಯಲ್ಲಿ ಸದ್ದು ಮಾಡುವ ಹಾಗಿಲ್ಲ. ಕಾವಲಿನವರಿಬ್ಬರು ತೋಳು ಹಿಡಿದು ಎಬ್ಬಿಸಿದರು. ಸಿಲಿಂಡರಿನ ಗಾಲಿ ಮೆಟ್ಟಿಲ ಮೇಲೆ ಧಡ್ ಧಡ್ ಎಂದು ಹತ್ತಿ ಹೋಯಿತು. ಬಾಗಿಲು ಮುಚ್ಚಿದ ಮೇಲೂ ಕೆಮ್ಮು ಕೇಳುತ್ತಿತ್ತು.

ಅಷ್ಟರಲ್ಲಿ ಪಕ್ಕದ ಬಾಗಿಲಿಂದ ಸದನದ ಸಿಬ್ಬಂದಿಯ ಒಬ್ಬಾಕೆ ಬಂದಳು. ಸತ್ತ ಸದಸ್ಯನ ಮೇಜಿಗೆ ಕಪ್ಪು ಬಟ್ಟೆ ಹೊದಿಸಿ ಹೂವಿಡುವುದು ಇಲ್ಲಿಯ ಪದ್ಧತಿ. ಕ್ಯಾಮೆರಾಗಳು ಇರುವಾಗಲೇ ಅದು ಆಗಬೇಕೆಂದು ಬೋಮಂಟನ ಪಕ್ಷದವರು ಅವಸರ ಮಾಡಿದ್ದರು. ನಡು ಓಣಿಯ ಆಚೆ ಈಚೆ ಎರಡು ಮೇಜು, ಅತ್ತ ಬೋಮಂಟನದು, ಇತ್ತ ಪ್ರೆಂಟಿಸ್‌ನದು. ಬೋಮಂಟನ ಕುರ್ಚಿಯಲ್ಲಿ ಯಾರೋ ದಣಿದವನೊಬ್ಬ ಕೂತು ಫೋನು ನೋಡುತ್ತಿದ್ದ. ಆಕೆ ಎರಡನ್ನೂ ನೋಡಿದಳು. ಖಾಲಿಯಿದ್ದದ್ದಕ್ಕೆ ಬಟ್ಟೆ ಹೊದಿಸಿದಳು.

ಮೂಲೆಗಳನ್ನು ಎಳೆದು ಸರಿಮಾಡಿದಳು. ಸುಕ್ಕನ್ನು ಅಂಗೈಯಿಂದ ಮೆತ್ತಗೆ ಸವರಿದಳು. ಬಿಳಿ ಗುಲಾಬಿಯ ಬಟ್ಟಲನ್ನು ನಡುವೆ ಇಟ್ಟಳು.

ಪ್ರೆಂಟಿಸ್ ಕೆಳಗೆ ನಿಂತು ನೋಡಿದ. ಅದು ನನ್ನದು ಎಂದು ಹೇಳಲು ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಒಬ್ಬ ತಲೆ ಬಾಗಿಸಿದ್ದನ್ನು ಕಂಡು ಇನ್ನೊಬ್ಬ ಬಾಗಿಸಿದ, ಆಮೇಲೆ ಎರಡೂ ಪಕ್ಷದವರು, ನಾಯಕ, ಪೀಠದಲ್ಲಿದ್ದ ಉಪಾಧ್ಯಕ್ಷ, ಎಲ್ಲರೂ ಆ ಮೇಜಿನ ಕಡೆಗೆ ತಲೆ ಬಾಗಿಸಿ ನಿಂತರು.

ಅವನೊಬ್ಬ ಬಾಗಿಸಲಿಲ್ಲ. ಕೈ ಸೊಂಟದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತ್ತು, ಹೆಬ್ಬೆರಳು ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ.

"ಮಿಸ್ಟರ್ ಪ್ರೆಂಟಿಸ್" ಎಂದು ಗುಮಾಸ್ತ ಬಗ್ಗಿಸಿದ ತಲೆ ಎತ್ತದೆ ಇನ್ನೊಮ್ಮೆ ಕೂಗಿದ.